ಮರುಭೂಮಿಯ ಆಧುನಿಕ ಮನೆಗಳಿಗೆ ಪಾರಂಪರಿಕ ರಕ್ಷಣೆ ಏಕೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ನಗರದಲ್ಲಿ 1950–60ರ ದಶಕದ ಮನೆಗಳನ್ನೂ ಪಾರಂಪರಿಕ ಕಟ್ಟಡಗಳೆಂದು ಕಾಪಾಡುತ್ತಾರಂತೆ. ಕೆತ್ತನೆಯಿಲ್ಲದ, ಹೆಚ್ಚು ಹಳೆಯದೂ ಅಲ್ಲದ ಈ ಮನೆಗಳಲ್ಲಿ ಕಾಪಾಡುವಂಥದ್ದು ಏನಿದೆ?

ಉತ್ತರ: ಈ ಮನೆಗಳಲ್ಲಿ ಅಲಂಕಾರವಿಲ್ಲ ಎಂಬುದು ನಿಜ, ಅವುಗಳನ್ನು ಕಾಪಾಡುವುದು ಕಷ್ಟವಾಗಿರುವುದೂ ಅದರಿಂದಲೇ. ಕಂಬದ ಕೆತ್ತನೆ ಮುಕ್ಕಾದರೂ ಹಳೆಯ ಗುಡಿಯ ಸ್ವರೂಪ ಅಳಿಯುವುದಿಲ್ಲ. ಆದರೆ ಚಾವಣಿಯ ತೆಳು ಅಂಚು, ಬಿಸಿಲನ್ನು ತಡೆಯುವಷ್ಟೇ ಹೊರಚಾಚಿದ ಸೂರು, ಗೋಡೆಯ ಮೇಲ್ತುದಿಯಲ್ಲಿ ಬೆಟ್ಟವನ್ನು ಕಾಣಿಸುವ ಗಾಜಿನ ಪಟ್ಟಿ, ಇವುಗಳ ಅಳತೆಯೇ ಸರ್ವಸ್ವವಾಗಿರುವ ಮನೆಗೆ ಒಂದು ಕೋಣೆಯನ್ನು ಅಂಟಿಸಿದರೂ ವಾಸ್ತುಶಿಲ್ಪಿಯ ಕಲ್ಪನೆ ಅಲ್ಲಿಗೆ ಕೆಡುತ್ತದೆ.

ಇದಕ್ಕೆ ಅತ್ಯುತ್ತಮ ನಿದರ್ಶನ, ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ 1946ರಲ್ಲಿ ಪಿಟ್ಸ್‌ಬರ್ಗ್‌ನ ವ್ಯಾಪಾರಿ ಎಡ್ಗರ್ ಕಾಫ್‌ಮನ್ ಅವರಿಗಾಗಿ ರೂಪಿಸಿದ ಮನೆ. ಮಾಲೀಕರು ಬದಲಾದಂತೆ ಅದಕ್ಕೆ ಹೊಸ ಭಾಗಗಳು ಸೇರಿಕೊಂಡಿದ್ದವು. 1990ರ ದಶಕದಲ್ಲಿ ಅದನ್ನು ಕೊಂಡವರು ಹಳೆಯ ಛಾಯಾಚಿತ್ರಗಳನ್ನೂ ನಕ್ಷೆಗಳನ್ನೂ ಆಧರಿಸಿ ಆ ಭಾಗಗಳನ್ನು ತೆಗೆಸಿದರು. ಗೋಡೆಯ ಕಲ್ಲು ಮೂಲಕ್ಕೆ ಹೊಂದಬೇಕೆಂದು ಯೂಟಾ ರಾಜ್ಯದ ಅದೇ ಕಲ್ಲುಗಣಿಯಿಂದ ಮತ್ತೆ ಕಲ್ಲು ತರಿಸಿದರು. ಇಷ್ಟು ನಿಷ್ಠೆಯ ಜೀರ್ಣೋದ್ಧಾರ ಯಾವ ಕಾಲದ ಕಟ್ಟಡಕ್ಕೂ ಅಪರೂಪ.

ಸಿರಿವಂತರ ಮನೆಗಳಷ್ಟೇ ಈ ಪರಂಪರೆಯಲ್ಲ. ಅಲೆಕ್ಸಾಂಡರ್ ಕಂಪನಿಯು ವಿಲಿಯಂ ಕ್ರೈಸೆಲ್ ಮುಂತಾದವರ ವಿನ್ಯಾಸದಲ್ಲಿ ಪಾಮ್ ಸ್ಪ್ರಿಂಗ್ಸ್ ಇರುವ ಕಣಿವೆಯಲ್ಲಿ 2,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿತು. ಖರ್ಚು ತಗ್ಗಿಸಲು ಒಂದೇ ನಕ್ಷೆಯನ್ನು ನಿವೇಶನಕ್ಕೆ ತಕ್ಕಂತೆ ತಿರುಗಿಸಿ, ಚಾವಣಿಯ ಆಕಾರವನ್ನು ಮಾತ್ರ ಬದಲಿಸಿ, ಇಡೀ ಬೀದಿಗೆ ವೈವಿಧ್ಯ ತಂದದ್ದು ಕ್ರೈಸೆಲ್ ಅವರ ಜಾಣ್ಮೆ. ಸಾಮಾನ್ಯರಿಗೂ ಒಳ್ಳೆಯ ವಿನ್ಯಾಸ ದಕ್ಕಬೇಕೆಂಬ ಆ ಹಂಬಲವೇ ನನ್ನ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು.

ವಯಸ್ಸಿನ ಆಕ್ಷೇಪಕ್ಕೆ ಉತ್ತರ ಪಕ್ಕದ ರಾಂಚೊ ಮಿರಾಜ್ ಊರಿನಲ್ಲಿದೆ. ಅಮೆರಿಕದ ಪಾರಂಪರಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಲು ಕಟ್ಟಡವೊಂದಕ್ಕೆ ಸಾಮಾನ್ಯವಾಗಿ 50 ವರ್ಷವಾಗಿರಬೇಕು. ನ್ಯೂಟ್ರಾ ಅವರೇ ವಿನ್ಯಾಸಗೊಳಿಸಿ 1962ರಲ್ಲಿ ಮುಗಿದಿದ್ದ ಮ್ಯಾಸ್ಲನ್ ಮನೆಯನ್ನು 2002ರಲ್ಲಿ, ಅಂದರೆ 40 ವರ್ಷಕ್ಕೇ, ಅನುಮತಿ ಪಡೆದೇ ನೆಲಸಮ ಮಾಡಲಾಯಿತು. ಆ ನಷ್ಟವನ್ನು ತುಂಬಲು ಯಾರಿಂದಲೂ ಸಾಧ್ಯವಿಲ್ಲ. ಪಾಮ್ ಸ್ಪ್ರಿಂಗ್ಸ್‌ನಲ್ಲಿ 1999ರಲ್ಲೇ ಹುಟ್ಟಿದ್ದ ಮಾಡರ್ನ್ ಕಮಿಟಿಯಂಥ ನಾಗರಿಕ ಸಂಘಟನೆಗಳ ಎಚ್ಚರಿಕೆಗೆ ಈ ಘಟನೆ ಇನ್ನಷ್ಟು ಬಲ ಕೊಟ್ಟಿತು.

ಮಾಲೀಕರ ಮೇಲೆ ನಿರ್ಬಂಧವನ್ನಷ್ಟೇ ಹೇರಿದರೆ ಸಂರಕ್ಷಣೆ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದ 1972ರ ಮಿಲ್ಸ್ ಕಾಯ್ದೆಯಡಿ ಮಾನ್ಯತೆ ಪಡೆದ ಮನೆಯ ಮಾಲೀಕರು ಕನಿಷ್ಠ 10 ವರ್ಷ ಅದನ್ನು ಸರಿಯಾಗಿ ನಿರ್ವಹಿಸುವ ಒಪ್ಪಂದ ಮಾಡಿಕೊಂಡರೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಮನೆಯನ್ನು ಮಾರಿದರೂ ಒಪ್ಪಂದ ಹೊಸ ಮಾಲೀಕರಿಗೆ ಅನ್ವಯಿಸುತ್ತದೆ. ಮುಖ್ಯವಾಗಿ ಚಳಿಗಾಲದ ವಾಸಕ್ಕೆಂದು ಕಟ್ಟಿದ ಒಂಟಿಪದರದ ಗಾಜಿನ ಮನೆಗಳನ್ನು 45 ಡಿಗ್ರಿ ಸೆಲ್ಸಿಯಸ್ ದಾಟುವ ಬೇಸಿಗೆಯಲ್ಲಿ ತಂಪಾಗಿಡುವ ವೆಚ್ಚ ದೊಡ್ಡದು; ದಪ್ಪ ಚೌಕಟ್ಟಿನ ಹೊಸ ಕಿಟಕಿಗಳನ್ನು ಕೂರಿಸಿದರೆ ಮೂಲದ ತೆಳುಗೆರೆ ಅಳಿಸಿಹೋಗುತ್ತದೆ. ಹಾಗಾಗಿ ಅಲ್ಲಿ ಚಾವಣಿಯ ಮೇಲ್ಭಾಗದ ಶಾಖನಿರೋಧಕ ಪದರ, ಮೂಲದಷ್ಟೇ ಸಣ್ಣ ಚೌಕಟ್ಟು, ಹೊರಗಿನ ನೆರಳು, ಇವುಗಳಿಂದ ಕೆಲಸ ಆರಂಭಿಸುವುದು ಲೇಸು.