ಹೂ ಬಾಡೋದ್ರೊಳಗೆ ಹೇಳ್ಬೇಕು

ಮಡಿಕೇರೀಲಿ ಭಾನುವಾರದ ನನ್ನ ಫೋಟೋಗ್ರಫಿ ಕ್ಲಾಸಲ್ಲಿ ಎಲ್ರ ಫೋಟೋನೂ ಪ್ರೊಜೆಕ್ಟರಲ್ಲಿ ಹಾಕಿ ಮಾತಾಡ್ತೀವಿ. ಮೊದಲೆಲ್ಲ ಬರ್ತಿದ್ದಿದ್ದು ಎರಡೇ ಮಾತು, "ಸೂಪರ್" ಇಲ್ಲಾಂದ್ರೆ "ಏನೋ ಸರಿ ಇಲ್ಲ". ಇದನ್ನ ಕೇಳ್ಕೊಂಡು ಮನೆಗೆ ಹೋದವ್ರಿಗೆ ನಾಳೆ ಏನು ಬದಲಾಯಿಸ್ಬೇಕು ಅಂತ ಹೇಗೆ ಗೊತ್ತಾಗ್ಬೇಕು ಹೇಳಿ.

ಈ ಸಲ ಹೂಮಳೆ, ಅಂದ್ರೆ ಕಾಫಿ ಗಿಡದಲ್ಲಿ ಹೂ ಅರಳಿಸೋ ಮಳೆ, ಬಿದ್ದು ಎಂಟ್ಹತ್ತು ದಿನಕ್ಕೆ ಕಾಫಿ ತೋಟ ಪೂರ್ತಿ ಬೆಳ್ಳಗಾದಾಗ ಸಿದ್ದಾಪುರದ ಕಡೆಯಿಂದ ಬರೋ ಹುಡುಗಿ ಒಬ್ಳು ರೋಬಸ್ಟಾ ಕಾಫಿ ಹೂವಿನ ಫೋಟೋ ತಂದಿದ್ಲು, ಹೂವೆಲ್ಲ ಬೂದಿ ಬಣ್ಣ. "ಡಲ್ ಆಗಿದೆ" ಅಂದ್ರು ಮೂರ್ನಾಲ್ಕು ಜನ, ಅವ್ಳು ತನ್ನ ಕ್ಯಾಮೆರಾನೇ ಸರಿ ಇಲ್ವೇನೋ ಅಂದ್ಕೊಂಡ್ಲು. ವಿಷಯ ಏನಂದ್ರೆ ಕ್ಯಾಮೆರಾ ಒಳಗಿನ ಬೆಳಕು ಅಳೆಯೋ ಮೀಟರ್ ಎದುರಿಗಿರೋದು ಯಾವ್ದಾದ್ರೂ ಅದನ್ನ ಮಧ್ಯಮ ಬೂದು ಅಂತಾನೇ ಲೆಕ್ಕ ಹಾಕುತ್ತೆ, ಫ್ರೇಮ್ ತುಂಬ ಬಿಳಿ ಇದ್ರೆ ಬೆಳಕು ಜಾಸ್ತಿ ಆಯ್ತು ಅಂತ ತಾನೇ ಇಳಿಸ್ಬಿಡುತ್ತೆ, ಮಾಂದಲಪಟ್ಟಿ ಬೆಟ್ಟದ ಮಂಜಿನ ಫೋಟೋಗಳು ಮಂಕಾಗೋದೂ ಇದ್ರಿಂದಾನೇ. ಎಕ್ಸ್‌ಪೋಷರ್ ಕಾಂಪನ್ಸೇಶನ್ +1 ಇಡು, ಅಂದ್ರೆ ಮೀಟರ್ ಹೇಳಿದ್ದಕ್ಕಿಂತ ಬೆಳಕು ಒಂದು ಹಂತ ಜಾಸ್ತಿ, ಫೋಟೋದ ಕಪ್ಪು-ಬಿಳುಪು ಎಷ್ಟೆಷ್ಟಿದೆ ಅಂತ ತೋರಿಸೋ ಹಿಸ್ಟೋಗ್ರಾಮ್ ಗ್ರಾಫ್ ಬಲಗಡೆ ಗೋಡೆಗೆ ಒತ್ಕೊಳ್ದೇ ಇರೋ ಹಾಗೆ ನೋಡ್ಕೋ ಅಂದೆ. ಫೀಡ್‌ಬ್ಯಾಕ್ ಅಂದ್ರೆ ನನ್ನ ಪ್ರಕಾರ ಇಷ್ಟು ನಿಖರವಾಗಿರ್ಬೇಕು, ಕೇಳಿದವ್ರು ಕ್ಯಾಮೆರಾ ಎತ್ಕೊಂಡು ಹೊರಡೋ ಹಾಗಿರ್ಬೇಕು.

ಆದ್ರೆ ತಪ್ಪು ಹೇಳೋಕೆ ಮೊದ್ಲು ಫೋಟೋದಲ್ಲಿ ನಮಗೇನು ಕಾಣಿಸ್ತಿದೆ ಅಂತ ಹೇಳ್ಬೇಕು. ಇದನ್ನ ನಾನು ಕಲಿತಿದ್ದು ಒಬ್ಬ ಹುಡುಗನ್ನ ಕಳ್ಕೊಂಡು. ಶುರುವಿನ ವರ್ಷಗಳಲ್ಲಿ ಅವ್ನು ಒಲೆ ಮುಂದೆ ಕೂತಿರೋ ತನ್ನ ಅಜ್ಜಿ ಫೋಟೋ ತಂದಿದ್ದ, ಫೋಕಸ್ ಹಿಂದಿನ ಚೊಂಬಿನ ಮೇಲೆ ಹೋಗಿತ್ತು, ನಾನು ಎಲ್ರ ಎದುರಿಗೆ "ಇದ್ರಲ್ಲಿ ಫೋಟೋನೇ ಇಲ್ಲ" ಅಂದ್ಬಿಟ್ಟೆ. ಮುಂದಿನ ವಾರದಿಂದ ಅವ್ನು ಬರ್ಲೇ ಇಲ್ಲ. ಹೊಗೆ ನಡುವೆ ಹೆಂಚಿನ ಸಂದಿಯಿಂದ ಬಿದ್ದ ಬೆಳಕು ಅಜ್ಜಿ ಕೆನ್ನೆ ಮೇಲೆ ಎಷ್ಟು ಚೆನ್ನಾಗಿತ್ತು ಅಂತ ಈಗ್ಲೂ ನೆನಪಾಗುತ್ತೆ, ಅದನ್ನ ಅವತ್ತೇ ಹೇಳ್ಬೇಕಿತ್ತು.

ಫೋಟೋ ತಂದು ಫೀಡ್‌ಬ್ಯಾಕ್ ಕೇಳಿಸ್ಕೊಳ್ಳೋವ್ರಿಗೂ ಒಂದು ನಿಯಮ ಇಟ್ಟಿದೀನಿ, ಮೊದಲ ಎರಡು ನಿಮಿಷ ಮಾತಿಲ್ಲ, ಬೇರೆಯವ್ರು ಹೇಳಿದ್ದನ್ನ ಬರ್ಕೊಳ್ಳೋದಷ್ಟೇ. ನಮ್ಮ ಕ್ಲಾಸಲ್ಲಿ ಮಿಲಿಟರಿಯಿಂದ ರಿಟೈರ್ ಆದ ಹಿರಿಯರೊಬ್ರು ಇದಾರೆ, ತಮ್ಮ ಅಬ್ಬಿ ಫಾಲ್ಸ್ ಫೋಟೋ ಹಾಕಿದ ತಕ್ಷಣ ಜಾರ್ತಿತ್ತು, ಲೆನ್ಸ್ ಮೇಲೆ ಹನಿ ಬೀಳ್ತಿತ್ತು ಅಂತ ಹೇಳೋಕೆ ಶುರು ಮಾಡಿದ್ರು. "ಅಂಕಲ್, ಒಂದ್ನಿಮಿಷ" ಅಂದೆ. ಆಮೇಲೆ ಮಾತಾಡಿದ ಐದು ಜನಾನೂ ಫೋಟೋದ ಮೂಲೇಲಿದ್ದ ಕೆಂಪು ರೈನ್‌ಕೋಟ್ ಬಗ್ಗೇನೇ ಹೇಳಿದ್ರು, ಅವ್ರು ಅದನ್ನ ಅಲ್ಲೀವರೆಗೆ ನೋಡೇ ಇರ್ಲಿಲ್ಲ.

ಆ ಹುಡುಗಿ ಸೋಮವಾರ ಬೆಳಗ್ಗೆ ಆರೂವರೆಗೇ ತೋಟಕ್ಕೆ ಹೋಗಿ +1 ಇಟ್ಟು ಮತ್ತೆ ತೆಗೆದ್ಲು, ಈ ಸಲ ಹೂ ಬೆಳ್ಳಗೇ ಬಂತು. ಬುಧವಾರದ ಹೊತ್ತಿಗೆ ಗಿಡದ ಮೇಲಿನ ಹೂವೆಲ್ಲ ಕಂದು ತಿರುಗಿತ್ತು.