ಗಣಿತದವರು ಕಡ ತಗೊಂಡ ಪಿ.ಟಿ. ಪಿರಿಯಡ್

ನಮ್ಮ ಹೈಸ್ಕೂಲಿನಲ್ಲಿ ಬುಧವಾರದ ಕೊನೆಯ ಪಿರಿಯಡ್ ಪಿ.ಟಿ. ಮಧ್ಯಾಹ್ನ ಊಟ ಮುಗಿಸಿ ಬಂದಾಗಿನಿಂದ ಗಮನವೆಲ್ಲ ಕಿಟಕಿಯ ಆಚೆಗೇ. ಬೆಲ್ ಹೊಡೆದ ಕೂಡಲೇ ಓಡೋಕೆ ಅಂತ ಒಂದು ಕಾಲನ್ನು ಬೆಂಚಿನಿಂದ ಆಚೆ ಇಟ್ಟುಕೊಂಡೇ ಕೂತಿರುತ್ತಿದ್ದೆವು. ಬೆಲ್ ಹೊಡೆಯುತ್ತಿತ್ತು. ಬಾಗಿಲಲ್ಲಿ ಮಾತ್ರ ಕೊರಳಿಗೆ ಸೀಟಿ ಹಾಕಿಕೊಂಡ ಪಿ.ಟಿ. ಮೇಷ್ಟ್ರ ಬದಲು ಡಸ್ಟರ್ ಹಿಡಿದ ಗಣಿತದ ಮೇಷ್ಟ್ರು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಪಿ.ಟಿ. ಸಾರ್ ಹತ್ರ ಮಾತಾಡಿದೀನಿ. ಪೋರ್ಷನ್ ಬಾಕಿ ಇದೆ."

ಹೀಗೆ ಕಡ ಹೋದ ಪಿರಿಯಡ್‌ಗಳು ಎಷ್ಟೋ. ಒಂದಾದರೂ ವಾಪಸ್ ಬಂದ ನೆನಪಿಲ್ಲ. ಆಗ ಆಟ ತಪ್ಪಿತಲ್ಲ ಅನ್ನೋ ಬೇಜಾರು. ಈಗ ಮೂಳೆಗಳ ಬಗ್ಗೆ ಒಂದಿಷ್ಟು ಓದಿಕೊಂಡಿದ್ದೇನೆ, ಬೇಜಾರು ಇನ್ನೂ ಜಾಸ್ತಿಯಾಗಿದೆ.

ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದವರು 1991ರಲ್ಲಿ ಒಂದು ತಾಳ್ಮೆಯ ಕೆಲಸ ಶುರು ಮಾಡಿದರು. ಶಾಲೆಯ ಮಕ್ಕಳನ್ನು ಹಿಡಿದು, ವರ್ಷ ವರ್ಷವೂ ಅದೇ ಮಕ್ಕಳ ಮೂಳೆಯಲ್ಲಿ ಖನಿಜ ಎಷ್ಟು ಸೇರಿದೆ ಅಂತ ಅಳೆಯುತ್ತಾ ಹೋದರು. ಮೂಳೆಗೆ ಖನಿಜ ಅತಿ ವೇಗವಾಗಿ ಸೇರುವುದು ಹುಡುಗಿಯರಲ್ಲಿ ಸುಮಾರು ಹನ್ನೆರಡೂವರೆ ವಯಸ್ಸಿಗೆ, ಹುಡುಗರಲ್ಲಿ ಹದಿನಾಲ್ಕರ ಹತ್ತಿರ. ಆ ವಯಸ್ಸಿನ ಆಚೀಚೆಯ ಎರಡೇ ಎರಡು ವರ್ಷದಲ್ಲಿ, ದೊಡ್ಡವರಾದಾಗ ಇರುವ ಒಟ್ಟು ಮೂಳೆಯ ಕಾಲು ಭಾಗದಷ್ಟು ಜಮೆಯಾಗಿಬಿಡುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಏಳನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸು. ಇಪ್ಪತ್ತು ದಾಟುವ ಹೊತ್ತಿಗೆ ಈ ಕಟ್ಟಡದ ಕೆಲಸ ಹೆಚ್ಚುಕಮ್ಮಿ ಮುಗಿದಿರುತ್ತದೆ. ಆಮೇಲೆ ಇದ್ದದ್ದನ್ನು ಉಳಿಸಿಕೊಳ್ಳುವುದಷ್ಟೇ. ಅರವತ್ತರ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಾಗ ಸೊಂಟದ ಮೂಳೆ ಉಳಿಯುತ್ತಾ ಮುರಿಯುತ್ತಾ ಅನ್ನುವುದರಲ್ಲಿ, ಅವರು ಹದಿಮೂರರಲ್ಲಿ ಎಷ್ಟು ಕುಣಿದಾಡಿದ್ದರು ಅನ್ನುವುದರ ಪಾಲೂ ಇದೆ.

ಇದರಲ್ಲೇ ಒಂದು ಸಣ್ಣ ಎಡವಟ್ಟಿದೆ. ಮೂಳೆ ಮೊದಲು ಉದ್ದ ಬೆಳೆಯುತ್ತದೆ, ಖನಿಜ ಕೆಲವು ತಿಂಗಳು ತಡವಾಗಿ ಬಂದು ಸೇರುತ್ತದೆ. ಗೋಡೆ ಎದ್ದಿದೆ, ಸಿಮೆಂಟು ಇನ್ನೂ ಗಟ್ಟಿಯಾಗಿಲ್ಲ ಅನ್ನೋ ಸ್ಥಿತಿ. ಮಕ್ಕಳು ಕೈ ಮುರಿದುಕೊಳ್ಳುವುದು ಇದೇ ವಯಸ್ಸಿನಲ್ಲಿ ಜಾಸ್ತಿ. ನಮ್ಮ ಎಂಟನೇ ಕ್ಲಾಸಿನಲ್ಲಿ ಯಾವಾಗ ನೋಡಿದರೂ ಒಬ್ಬನ ಕೈಯಲ್ಲಿ ಪುತ್ತೂರು ಕಟ್ಟು ಇರುತ್ತಿತ್ತು. ಅದು ಬರೀ ಮಂಗಾಟದ ಫಲ ಅಂತ ಎಲ್ಲರೂ ಬೈಯುತ್ತಿದ್ದರು. ಪಾಪ, ಅರ್ಧ ತಪ್ಪು ಅವನ ಮೂಳೆಯದು.

ಮೂಳೆ ಅಂದರೆ ಸುಣ್ಣದ ಕಂಬ ಅಂತ ನಮ್ಮ ಮನಸ್ಸಲ್ಲಿ ಕೂತಿದೆ. ಕಲಿಸಿದ್ದೂ ಹಾಗೇ ಅನ್ನಿ, ಲ್ಯಾಬಿನಲ್ಲಿ ನೇತು ಹಾಕಿದ ಒಣ ಅಸ್ಥಿಪಂಜರ ತೋರಿಸಿ. ನಿಜವಾದ ಮೂಳೆ ಬದುಕಿರುವ ವಸ್ತು. ಅದರಲ್ಲಿ ಒಡೆಯುವ ಜೀವಕೋಶಗಳಿವೆ, ಕಟ್ಟುವ ಜೀವಕೋಶಗಳಿವೆ. ಇವೆರಡಕ್ಕೂ ಮೇಸ್ತ್ರಿಯ ಹಾಗೆ ಇನ್ನೊಂದು ಬಗೆಯ ಕೋಶ, ಮೂಳೆಯ ಒಳಗೇ ಹುದುಗಿ ಕೂತಿದೆ. ಈ ಮೇಸ್ತ್ರಿಗಳ ನಡುವೆ ಕೂದಲಿಗಿಂತ ಸಣ್ಣ ಕಾಲುವೆಗಳು, ಅವುಗಳಲ್ಲಿ ದ್ರವ. ನೀವು ಧಡ್ ಅಂತ ನೆಲಕ್ಕೆ ಜಿಗಿದಾಗ ಕಾಲಿನ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಕಾಲುವೆಯ ದ್ರವ ಅತ್ತಿತ್ತ ಹರಿಯುತ್ತದೆ. ಆ ಹರಿವು ತಾಗಿದ್ದೇ ತಡ, "ಇಲ್ಲಿ ಭಾರ ಬೀಳ್ತಿದೆ, ಇನ್ನೊಂದು ಪದರ ಹಾಕಿ" ಅಂತ ಮೇಸ್ತ್ರಿಯಿಂದ ಆರ್ಡರ್ ಹೋಗುತ್ತದೆ. ಭಾರ ಬೀಳದ ಕಡೆ? ದಂಡಕ್ಕೆ ಯಾಕೆ ಸಾಮಾನು ಅಂತ ಬಿಚ್ಚಿ ಹಾಕುತ್ತಾರೆ. ಭಾರಕ್ಕೆ ತಕ್ಕ ಹಾಗೆ ಮೂಳೆ ತನ್ನ ಆಕಾರ ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದ. ಚಿಕ್ಕಂದಿನಿಂದ ಟೆನಿಸ್ ಆಡಿದವರ ಎಕ್ಸ್‌ರೇ ನೋಡಿದರೆ ಇದು ಸೀದಾ ಕಾಣುತ್ತದೆ. ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪ. ಒಂದೇ ಮನುಷ್ಯ, ಅದೇ ಊಟ, ಅದೇ ಹಾಲು. ಬೇರೆ ಇರುವುದು ಏಟು ಮಾತ್ರ.

ಹಾಗಾದರೆ ಎಷ್ಟು ಏಟು ಬೇಕು? 1997ರಲ್ಲಿ ಜಪಾನಿನ ಸಂಶೋಧಕರು ಇಲಿಗಳಿಗೆ ಜಿಗಿಯುವುದನ್ನು ಕಲಿಸಿದರು. ಕೆಲವಕ್ಕೆ ದಿನಕ್ಕೆ ಐದು ಜಿಗಿತ, ಕೆಲವಕ್ಕೆ ಹತ್ತು, ಇಪ್ಪತ್ತು, ನಲವತ್ತು. ಸುಮ್ಮನೆ ಕೂತ ಇಲಿಗಳಿಗಿಂತ ಬರೀ ಐದು ಜಿಗಿತದ ಇಲಿಗಳ ಮೂಳೆ ಗಟ್ಟಿಯಾಗಿತ್ತು. ನಲವತ್ತು ಸಲ ಜಿಗಿದವಕ್ಕೆ ಅದರ ಎಂಟು ಪಟ್ಟು ಲಾಭ ಸಿಗಬೇಕಿತ್ತು, ಅಲ್ವಾ? ಸಿಗಲಿಲ್ಲ. ಸ್ವಲ್ಪವೇ ಜಾಸ್ತಿ. ಮೇಸ್ತ್ರಿ ಕೋಶಗಳಿಗೆ ಒಂದೇ ಸಮನೆ ಏಟು ಬಿದ್ದರೆ ಕಿವಿ ಕಿವುಡಾಗುತ್ತದೆ. ಒಂದಿಷ್ಟು ಏಟು ಆದ ಮೇಲೆ ಅವು ಲಕ್ಷ್ಯ ಕೊಡುವುದಿಲ್ಲ. ಕೆಲವು ಗಂಟೆ ಸುಮ್ಮನೆ ಬಿಟ್ಟರೆ ಮತ್ತೆ ಚುರುಕಾಗುತ್ತವೆ. ಇಲಿಗೆ ನಿಜವಾದದ್ದೆಲ್ಲ ಮನುಷ್ಯರಿಗೆ ಅಷ್ಟೇ ಲೆಕ್ಕದಲ್ಲಿ ಹೊಂದುತ್ತೆ ಅಂತಲ್ಲ. ಆದರೆ ಶಾಲಾ ಮಕ್ಕಳಿಗೆ ಜಿಗಿತದ ವ್ಯಾಯಾಮ ಕೊಟ್ಟು ನೋಡಿದ ಅಧ್ಯಯನಗಳೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಡಿಸೆಂಬರಿನ ಸ್ಪೋರ್ಟ್ಸ್ ಡೇಗೆ ಅಂತ ಹದಿನೈದು ದಿನ ಬೆವರು ಇಳಿಸಿ ಉಳಿದ ವರ್ಷವೆಲ್ಲ ಕೂರಿಸುವುದಕ್ಕಿಂತ, ದಿನಾ ಹತ್ತು ನಿಮಿಷ ಕುಣಿಸುವುದು ಮೂಳೆಗೆ ಇಷ್ಟ.

ಇನ್ನೊಂದು ತಮಾಷೆ ಇದೆ. ಈಜು ಹೃದಯಕ್ಕೆ ತುಂಬಾ ಒಳ್ಳೆಯದು, ಮೂಳೆಗೆ ಅಷ್ಟಕ್ಕಷ್ಟೆ. ನೀರು ಮೈಭಾರವನ್ನು ಹೊತ್ತುಕೊಳ್ಳುತ್ತದೆ, ಏಟೇ ಬೀಳುವುದಿಲ್ಲ. ಸೈಕಲ್ಲೂ ಹೆಚ್ಚುಕಮ್ಮಿ ಹಾಗೇ. ಮೂಳೆಗೆ ಬೇಕಾಗಿರುವುದು ತಟ್ಟನೆ ಬರುವ, ದಿಕ್ಕು ಬದಲಿಸುವ ಏಟು. ಖೋ-ಖೋ ನೆನಪಿಸಿಕೊಳ್ಳಿ. ಸಾಲಿನಲ್ಲಿ ಎಂಟು ಜನ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಬೆನ್ನಿಗೆ ಒಂದು ತಟ್ಟು, "ಖೋ!" ಕೂತಲ್ಲಿಂದ ಚಂಗನೆ ಎದ್ದು, ಪಕ್ಕಕ್ಕೆ ತಿರುಗಿ, ನಾಲ್ಕು ಹೆಜ್ಜೆ ಕಿತ್ತು, ಕಂಬ ಹಿಡಿದು ಗರಗರ ತಿರುಗಿ ವಾಪಸ್. ಮೂಳೆ ತಜ್ಞರನ್ನು ಕೂರಿಸಿ ಒಂದು ಆಟ ಕಟ್ಟಿಕೊಡಿ ಅಂದಿದ್ದರೆ ಬಹುಶಃ ಇದನ್ನೇ ಕಟ್ಟುತ್ತಿದ್ದರು. ಕುಂಟೆಬಿಲ್ಲೆಯಂತೂ ಇನ್ನೂ ಮೇಲು. ಪೂರ್ತಿ ಮೈಭಾರ ಒಂದೇ ಕಾಲಿನ ಮೇಲೆ. ಖರ್ಚು ಒಂದು ಹೆಂಚಿನ ಚೂರು.

ದಿನಾ ಪಿ.ಟಿ. ಕೊಟ್ಟರೆ ಏನಾಗುತ್ತೆ ಅಂತ ಒಂದು ಕಡೆ ನಿಜಕ್ಕೂ ಮಾಡಿ ನೋಡಿದ್ದಾರೆ. ಸ್ವೀಡನ್ನಿನ ಮಾಲ್ಮೋ ಊರಿನ ಬುಂಕೆಫ್ಲೋ ಎಂಬಲ್ಲಿ. 1990ರ ದಶಕದ ಕೊನೆಗೆ ಅಲ್ಲಿನ ಒಂದು ಶಾಲೆ, ವಾರಕ್ಕೆ 60 ನಿಮಿಷ ಇದ್ದ ದೈಹಿಕ ಶಿಕ್ಷಣವನ್ನು 200 ನಿಮಿಷಕ್ಕೆ ಏರಿಸಿತು. ಅಂದರೆ ದಿನಕ್ಕೆ 40 ನಿಮಿಷ, ಅಕ್ಕಪಕ್ಕದ ಶಾಲೆಗಳಲ್ಲಿ ಮಾತ್ರ ಹಳೆಯ 60 ನಿಮಿಷವೇ. ಒಂದನೇ ಕ್ಲಾಸಿನಿಂದ ಒಂಬತ್ತರವರೆಗೆ ಎರಡೂ ಕಡೆಯ ಮಕ್ಕಳ ಬೆನ್ನುಬಿದ್ದು ಅಳೆದರು. ದಿನಾ ಆಡಿದವರ ಮೂಳೆ ಚೆನ್ನಾಗಿ ಬಂತು. ಜಾಸ್ತಿ ಆಡಿದರೆ ಜಾಸ್ತಿ ಬೀಳುತ್ತಾರೆ, ಜಾಸ್ತಿ ಮುರಿದುಕೊಳ್ಳುತ್ತಾರೆ ಅನ್ನುವ ಭಯ ಇತ್ತಲ್ಲ, ಅದು ಉಲ್ಟಾ ಆಯಿತು. ವರ್ಷ ಕಳೆದ ಹಾಗೆ ಆ ಮಕ್ಕಳಲ್ಲಿ ಮೂಳೆ ಮುರಿತ ಉಳಿದವರಿಗಿಂತ ಕಡಿಮೆಯಾಗುತ್ತಾ ಬಂತು. ಇನ್ನು ನಮ್ಮ ಗಣಿತದ ಮೇಷ್ಟ್ರಿಗೆ ಓದಿ ಹೇಳಬೇಕು ಅನ್ನಿಸುವ ಭಾಗ: ಒಂಬತ್ತನೇ ಕ್ಲಾಸಿನ ಕೊನೆಗೆ ದಿನಾ ಆಡಿದ ಹುಡುಗರ ಅಂಕಗಳೂ ಮೇಲಿದ್ದವು. ಹುಡುಗಿಯರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂಕ ಏರಿದ್ದಕ್ಕೆ ಆಟವೊಂದೇ ಕಾರಣ ಅಂತ ನಾನು ಟೇಬಲ್ ಕುಟ್ಟಿ ಹೇಳಲಾರೆ. ಆಟಕ್ಕೆ ಕೊಟ್ಟ ಸಮಯದಿಂದ ಓದು ಕೆಡಲಿಲ್ಲ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು.

ನಮ್ಮಲ್ಲಿ ಕಥೆ ಹೇಗಿದೆ? ನನ್ನ ಅಕ್ಕನ ಮಗಳು ಈ ವರ್ಷ ಎಂಟನೇ ಕ್ಲಾಸು. ಟೈಮ್ ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದಾಳೆ. ಎಲ್ಲ ವಿಷಯ ನೀಲಿ ಪೆನ್ನಲ್ಲಿ, ಪಿ.ಟಿ. ಮಾತ್ರ ಪೆನ್ಸಿಲಲ್ಲಿ. ಯಾಕೇ ಅಂದೆ. "ಅದು ಚೇಂಜ್ ಆಗ್ತಾ ಇರುತ್ತಲ್ಲ ಮಾಮ, ಅಳಿಸೋಕೆ ಸುಲಭ."

ಇನ್ನು ಸಿಕ್ಕ ಪಿರಿಯಡ್ಡಿನ ಲೆಕ್ಕ ಹಾಕಿ. ನಲವತ್ತು ನಿಮಿಷ. ಲೈನಾಗಿ ಇಳಿದು ಹಾಜರಿ ಮುಗಿಯುವಾಗ ಹತ್ತು ಹೋಯಿತು. ಐವತ್ತು ಮಕ್ಕಳು, ಒಂದು ವಾಲಿಬಾಲ್, ಅದರಲ್ಲೂ ಗಾಳಿ ಅರ್ಧ. ಹನ್ನೆರಡು ಜನ ಆಡುತ್ತಾರೆ. ನಾಲ್ಕು ಜನ ಬಾಲ್ ತರೋಕೆ. ಉಳಿದವರು ಹೊಂಗೆ ಮರದ ಕೆಳಗೆ. ಆ ಹನ್ನೆರಡು ಜನ ಯಾರು ಅಂದರೆ, ಹೋಬಳಿ ಮಟ್ಟಕ್ಕೆ ಹೋಗುವ ತಂಡದವರು, ಮೊದಲೇ ಗಟ್ಟಿ ಇರುವವರು. ಇದು ಆಸ್ಪತ್ರೆಯಲ್ಲಿ ಆರೋಗ್ಯವಂತರಿಗೆ ಮಾತ್ರ ಔಷಧಿ ಕೊಟ್ಟ ಹಾಗೆ. ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಇಡೀ ಶಾಲೆಗೆ ಅವರೊಬ್ಬರೇ, ಜತೆಗೆ ಬಿಸಿಯೂಟದ ಸಾಲು ನಿಲ್ಲಿಸುವುದೂ ಅವರೇ, ಗಲಾಟೆ ಬಿಡಿಸುವುದೂ ಅವರೇ. ಒಂದು ಹಳ್ಳಿ ಶಾಲೆಯಲ್ಲಿ ಮಾತ್ರ ಬೇರೆಯದೇ ನೋಡಿದೆ. ಅಲ್ಲಿಯ ಮೇಡಂ ಬಾವಿಯ ಹಳೇ ಹಗ್ಗ ನಾಲ್ಕು ತುಂಡು ಮಾಡಿ ಇಟ್ಟಿದ್ದರು. ಇಬ್ಬರು ಹಗ್ಗ ಬೀಸಬೇಕು, ಎಂಟು ಜನ ಸಾಲಾಗಿ ಬಂದು ಜಿಗಿಯಬೇಕು, ಔಟಾದವರು ಹಗ್ಗ ಹಿಡಿಯಬೇಕು. ಮರದ ಕೆಳಗೆ ಒಬ್ಬರೂ ಇರಲಿಲ್ಲ.

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ ಮೂರು ದಿನವಾದರೂ ಅದರಲ್ಲಿ ಮೂಳೆ, ಸ್ನಾಯು ಗಟ್ಟಿಯಾಗುವ ಆಟ ಇರಬೇಕು. 146 ದೇಶಗಳ 16 ಲಕ್ಷ ಮಕ್ಕಳ ಮಾಹಿತಿ ಒಟ್ಟು ಮಾಡಿ 2019ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹನ್ನೊಂದರಿಂದ ಹದಿನೇಳು ವರ್ಷದವರಲ್ಲಿ ನೂರಕ್ಕೆ 81 ಮಂದಿ ಇಷ್ಟು ಆಡುತ್ತಿರಲಿಲ್ಲ. ಭಾರತ ಸರಾಸರಿಗಿಂತ ವಾಸಿ. ಖುಷಿಪಡುವ ಮುಂಚೆ ಅವರು ಊಹಿಸಿದ ಕಾರಣ ಕೇಳಿ. ಹುಡುಗರಿಗೆ ಕ್ರಿಕೆಟ್, ಹುಡುಗಿಯರಿಗೆ ಮನೆಗೆಲಸ.

ಮರದ ಕೆಳಗೆ ಕೂತವರಲ್ಲಿ ಹುಡುಗಿಯರೇ ಜಾಸ್ತಿ ಯಾಕೆ ಅನ್ನುವುದಕ್ಕೆ ನಾಚಿಕೆ, ಬಟ್ಟೆ, ತಿಂಗಳ ಹೊಟ್ಟೆನೋವು ಎಲ್ಲ ಇದೆ. ಯಾರೂ ಹೇಳದ ಇನ್ನೊಂದು ಕಾರಣ ರಕ್ತದಲ್ಲಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಹುಡುಗರಲ್ಲಿ 31. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಸ್ನಾಯುವಿಗೆ ಮುಟ್ಟಿಸುವುದು ಹಿಮೋಗ್ಲೋಬಿನ್, ಅದರ ಒಂದೊಂದು ಕಣಕ್ಕೂ ಕಬ್ಬಿಣದ ನಾಲ್ಕು ಪರಮಾಣು ಬೇಕು. ಬೆಳೆಯುವ ವಯಸ್ಸಲ್ಲಿ ಮೈಯಲ್ಲಿ ರಕ್ತದ ಪ್ರಮಾಣವೇ ಹೆಚ್ಚಬೇಕು, ಅದಕ್ಕೆ ಕಬ್ಬಿಣ. ಸ್ನಾಯುವಿಗೂ ಕಬ್ಬಿಣ. ಅದೇ ಹೊತ್ತಿಗೆ ಮುಟ್ಟು ಶುರುವಾಗಿ ತಿಂಗಳು ತಿಂಗಳೂ ಒಂದಿಷ್ಟು ಹೊರಗೆ ಹೋಗುತ್ತದೆ. ಲಾರಿ ಕಡಿಮೆ, ಲೋಡು ಜಾಸ್ತಿ. ಅಂಥ ಹುಡುಗಿಗೆ ಗ್ರೌಂಡಿನ ಅರ್ಧ ಸುತ್ತಿಗೇ ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಕತ್ತಲೆ ಬರುತ್ತದೆ. ನಾವು "ಸೋಮಾರಿ" ಅಂತ ಹೆಸರಿಟ್ಟು ಮುಂದೆ ಹೋಗುತ್ತೇವೆ. ರಕ್ತ ಪರೀಕ್ಷೆಗಿಂತ ಮೊದಲೇ ಇದು ಕಣ್ಣಿಗೆ ಬೀಳಬಹುದಾದ ಜಾಗ ಪಿ.ಟಿ. ಮೈದಾನವೇ.

ಸೋಮವಾರ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ಇದಕ್ಕಾಗಿಯೇ, ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಅದರಲ್ಲಿ ಎಷ್ಟು ಹೊಟ್ಟೆಗೆ ಹೋಗುತ್ತವೆ, ಎಷ್ಟು ಕಿಟಕಿಯಿಂದ ಹೊರಗೆ ಹೋಗುತ್ತವೆ ಅನ್ನುವುದು ಕಿಟಕಿ ಕೆಳಗಿನ ಹುಲ್ಲಿಗೇ ಗೊತ್ತು. ವಾಕರಿಕೆ ಬರುತ್ತೆ, ಮಲ ಕಪ್ಪಾಗುತ್ತೆ ಅಂತ ಮಕ್ಕಳಿಗೆ ಹೆದರಿಕೆ. ಮಲ ಕಪ್ಪಾಗುವುದರಿಂದ ಏನೂ ತೊಂದರೆ ಇಲ್ಲ, ಊಟ ಆದ ಮೇಲೆ ತಗೊಂಡರೆ ವಾಕರಿಕೆಯೂ ಕಡಿಮೆ. ಮಾತ್ರೆ ನುಂಗಿ ಮೇಲೆ ಕಾಫಿ, ಟೀ ಕುಡಿದರೆ ಮಾತ್ರ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣು ಇದ್ದರೆ ಚೆನ್ನಾಗಿ ಹತ್ತುತ್ತದೆ. ಚಿತ್ರಾನ್ನದ ದಿನ ಮಾತ್ರೆ ಕೊಡಿ ಅಂತ ನನ್ನ ಸಲಹೆ, ಯಾರೂ ಕೇಳಿಲ್ಲ.

ಬಸ್ಕಿಯ ವಿಷಯ ಬಿಟ್ಟರೆ ಈ ಲೇಖನಕ್ಕೆ ಶಾಪ ತಟ್ಟುತ್ತದೆ. ಹೋಂವರ್ಕ್ ಮಾಡದೆ ಕಿವಿ ಹಿಡಿದು ಐವತ್ತು ಬಸ್ಕಿ ಹೊಡೆದವನಿಗೆ ಆ ದಿನ ಅಷ್ಟೇನೂ ಅನ್ನಿಸುವುದಿಲ್ಲ. ಎರಡನೇ ದಿನ ಮೆಟ್ಟಿಲು ಇಳಿಯುವಾಗ ತೊಡೆ ಅಳುತ್ತದೆ. ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿದೆ ಅಂತ ಈಗಲೂ ಹೇಳುವವರಿದ್ದಾರೆ. ಅದು ಗಂಟೆ, ಒಂದೂವರೆ ಗಂಟೆಯೊಳಗೆ ಖಾಲಿಯಾಗಿರುತ್ತದೆ. ಬಸ್ಕಿಯಲ್ಲಿ ಕೆಳಗೆ ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗಬೇಕು. ಹಾಗೆ ಎಳೆದಾಗ ಒಳಗಿನ ನೂಲುಗಳಲ್ಲಿ ಸಣ್ಣ ಸಣ್ಣ ಹರಕುಗಳಾಗುತ್ತವೆ, ರಿಪೇರಿ ನಡೆಯುವಾಗ ನೋವು. ರಿಪೇರಿಯಾದ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ. ಇಲ್ಲಿಯವರೆಗೆ ಸರಿ. ಆದರೆ ಅಭ್ಯಾಸವೇ ಇಲ್ಲದ ಮಗುವಿಗೆ ಇನ್ನೂರು, ಮುನ್ನೂರು ಬಸ್ಕಿ ಹೊಡೆಸಿದರೆ ಸ್ನಾಯು ಒಡೆದು, ಅದರೊಳಗಿನ ಪದಾರ್ಥ ರಕ್ತಕ್ಕೆ ಸೇರಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ಕಿಡ್ನಿಗೇ ಏಟು ಬೀಳಬಹುದು. ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ನನಗೆ ಅದಕ್ಕಿಂತ ಬೇಸರ ಇನ್ನೊಂದಿದೆ. ಓಡುವುದು, ಬಸ್ಕಿ, ದಂಡ ಎಲ್ಲವನ್ನೂ ಶಿಕ್ಷೆಯ ಪಟ್ಟಿಗೆ ಸೇರಿಸಿದವರು ನಾವೇ. ತಪ್ಪು ಮಾಡಿದವನಿಗೆ "ಎರಡು ಲೆಕ್ಕ ಜಾಸ್ತಿ ಬಿಡಿಸು" ಅಂದರೆ ಗಣಿತದ ಮೇಲೆ ಹೇಗೆ ದ್ವೇಷ ಹುಟ್ಟುತ್ತದೋ ಇದೂ ಹಾಗೇ.

ಪೆನ್ಸಿಲ್ಲಿನ ಪಿ.ಟಿ. ನೋಡಿದ ದಿನವೇ ಅಕ್ಕನ ಮಗಳಿಗೆ ಜಪಾನಿನ ಇಲಿಗಳ ಕಥೆ ಹೇಳಿದೆ. ಅವಳಿಗೆ ಹಿಡಿಸಿತು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಇಪ್ಪತ್ತು, ಸಂಜೆ ಸ್ಕೂಲಿಂದ ಬಂದು ಇಪ್ಪತ್ತು, ಹಾಲ್‌ನಲ್ಲೇ ಜಿಗಿಯೋಕೆ ಶುರು ಮಾಡಿದಳು. ವಾರ ಆಗಿರಲಿಲ್ಲ, ಕೆಳಗಿನ ಮನೆಯವರು ಮೇಲೆ ಬಂದರು. "ಏನ್ರೀ ಅದು, ಬೆಳಿಗ್ಗೆ ಸಂಜೆ ಧಡ್ ಧಡ್ ಅಂತ? ನಮ್ಮ ಫ್ಯಾನೇ ಅಲ್ಲಾಡುತ್ತೆ." ಮೂಳೆ ಕಟ್ಟುತ್ತಾ ಇದ್ದೀವಿ ಅಂತ ಹೇಳೋಕಾಗುತ್ತಾ? ಅಕ್ಕ ಸಾರಿ ಕೇಳಿ ಕಳಿಸಿದಳು. ಈಗ ಜಿಗಿತ ಟೆರೇಸಿಗೆ ಶಿಫ್ಟ್ ಆಗಿದೆ. ಮೊನ್ನೆ ಹೋದಾಗ ನೋಡಿದೆ, ನೀರಿನ ಟ್ಯಾಂಕಿನ ಪಕ್ಕ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದಿತ್ತು. ಕೆಳಗಿನ ಮನೆಯ ಹುಡುಗಿಯೂ ಅಲ್ಲೇ ಇದ್ದಳು.