ಬತ್ತಿದ ಬಾವಿಗೆ ಸರಾಸರಿಯಲ್ಲಿ ಜಾಗವಿಲ್ಲ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಗ್ರಾಮ ಪಂಚಾಯಿತಿಗಳಿಗೆ ಜಲ ಆಯವ್ಯಯ (ಊರಿಗೆ ಸಿಗುವ ನೀರು ಮತ್ತು ಅದರ ಬಳಕೆಯ ಲೆಕ್ಕ) ಸಿದ್ಧಪಡಿಸಲು ನೆರವಾಗುವುದು ಕೆಲವು ವರ್ಷಗಳಿಂದ ನನ್ನ ಕೆಲಸ. ಆರಂಭದ ದಿನಗಳಲ್ಲಿ ಗ್ರಾಮಸಭೆಯೊಂದರಲ್ಲಿ ಅಂತರ್ಜಲದ ರೇಖಾಚಿತ್ರವನ್ನು ತೋರಿಸಿ, ಬರ ಬಿದ್ದ ವರ್ಷದಲ್ಲಿಯೂ ತಾಲ್ಲೂಕಿನ ಸರಾಸರಿ ನೀರಿನ ಮಟ್ಟ ಮೇಲೇರಿದೆ ಎಂದು ವಿವರಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ರೈತರೊಬ್ಬರು, "ನಮ್ಮೂರ ಬಾವಿ ಬತ್ತಿ ಎರಡು ವರ್ಷ ಆಯ್ತಲ್ಲ ಸಾರ್, ಅದನ್ನ ಎಲ್ಲಿ ಸೇರಿಸಿದ್ದೀರಿ?" ಎಂದು ಕೇಳಿದರು. ಅದನ್ನು ಎಲ್ಲಿಯೂ ಸೇರಿಸಿರಲಿಲ್ಲ. ಆ ಬಾವಿಯ ಎದುರಿನ ಚೌಕ ಕೋಷ್ಟಕದಲ್ಲಿ ಖಾಲಿಯಿತ್ತು, ಖಾಲಿ ಚೌಕವನ್ನು ಗಣಕಯಂತ್ರ ಲೆಕ್ಕದಿಂದ ಕೈಬಿಟ್ಟಿತ್ತು, ನಾನು ಅದನ್ನು ಗಮನಿಸಿರಲಿಲ್ಲ.

ಇದು ಹೇಗೆ ಆಗುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. ನೀರಿನ ಮಟ್ಟ ಅಳೆಯಲೆಂದು ಗುರುತಿಸಿದ ಹತ್ತು ವೀಕ್ಷಣಾ ಬಾವಿಗಳಿವೆ ಎಂದುಕೊಳ್ಳೋಣ. ಆರರಲ್ಲಿ ನೀರು ನೆಲಮಟ್ಟದಿಂದ 12 ಮೀಟರ್ ಕೆಳಗಿದೆ, ಉಳಿದ ನಾಲ್ಕರಲ್ಲಿ 35 ಮೀಟರ್ ಕೆಳಗಿದೆ, ಸರಾಸರಿ 21.2 ಮೀಟರ್. ಮರುವರ್ಷ ಮೊದಲ ಆರರಲ್ಲಿ ನೀರು 14 ಮೀಟರಿಗೆ ಇಳಿಯಿತು, ಉಳಿದ ನಾಲ್ಕು ಪೂರ್ತಿ ಬತ್ತಿದವು. ಬತ್ತಿದ ಬಾವಿಯಲ್ಲಿ ಅಳೆಯಲು ಏನೂ ಇಲ್ಲದ ಕಾರಣ ಅವು ಲೆಕ್ಕದಿಂದ ಹೊರಗುಳಿದು, ಸರಾಸರಿ 14 ಮೀಟರ್ ಎಂದು ಬರುತ್ತದೆ. ಹತ್ತರಲ್ಲಿ ಒಂದು ಬಾವಿಯೂ ಸುಧಾರಿಸದಿದ್ದರೂ ತಾಲ್ಲೂಕಿನ ಅಂತರ್ಜಲ ಏಳು ಮೀಟರ್ ಮೇಲೆ ಬಂದಂತೆ ಕಾಣುತ್ತದೆ.

ಮುಕ್ತ ದತ್ತಾಂಶದ ಕುರಿತ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಮಾಹಿತಿಯನ್ನು ಪ್ರಕಟಿಸಿದ್ದಾರೆಯೇ ಇಲ್ಲವೇ ಎಂಬಲ್ಲಿಗೆ ನಿಂತುಬಿಡುತ್ತದೆ. ಪ್ರಕಟಣೆಯ ಮಟ್ಟಿಗೆ ನಮ್ಮ ದೇಶ ಹಿಂದುಳಿದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಯಾರೂ ಅರ್ಜಿ ಹಾಕದಿದ್ದರೂ ಮಾಹಿತಿಯನ್ನು ತಾವಾಗಿಯೇ ಬಹಿರಂಗಪಡಿಸಬೇಕೆಂದು ಸರ್ಕಾರಿ ಸಂಸ್ಥೆಗಳಿಗೆ ವಿಧಿಸಿದೆ. ಕೇಂದ್ರ ಸರ್ಕಾರದ ದತ್ತಾಂಶ ಹಂಚಿಕೆ ನೀತಿ ಮತ್ತು ಮುಕ್ತ ದತ್ತಾಂಶದ ಜಾಲತಾಣ ಎರಡೂ 2012ರಲ್ಲಿ ಬಂದವು. ಕೇಂದ್ರೀಯ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹಬ್ಬಿವೆ. ಅಟಲ್ ಭೂಜಲ ಯೋಜನೆಯಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಂತರ್ಜಲದ ಮಾಹಿತಿಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನೇ ಒಂದು ಸಾಧನೆಯೆಂದು ಪರಿಗಣಿಸಿ, ಕರ್ನಾಟಕವೂ ಸೇರಿ ಏಳು ರಾಜ್ಯಗಳಿಗೆ ಅದರ ಆಧಾರದಲ್ಲಿ ಹಣ ನೀಡುವ ವ್ಯವಸ್ಥೆ ಮಾಡಿತು. ನನ್ನ ಅನುಭವದಲ್ಲಿ ಇಲಾಖೆಗಳ ಬಾಗಿಲು ತೆರೆಸುವಲ್ಲಿ ಸುತ್ತೋಲೆಗಳಿಗಿಂತ ಇಂಥ ವ್ಯವಸ್ಥೆ ಹೆಚ್ಚು ಪರಿಣಾಮಕಾರಿ.

ತೊಡಕು ಇರುವುದು ಅಂಕಿ ಹುಟ್ಟಿದ ಬಗೆಯನ್ನು ಅಂಕಿಯ ಜೊತೆಗೆ ಕೊಡದಿರುವುದರಲ್ಲಿ. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಆರನೆಯದು ನೀರಿಗೆ ಸಂಬಂಧಿಸಿದ್ದು. ಲಭ್ಯವಿರುವ ಸಿಹಿನೀರಿನಲ್ಲಿ ಎಷ್ಟು ಪಾಲನ್ನು ಹೊರತೆಗೆಯುತ್ತಿದ್ದೇವೆ ಎಂಬುದು ಅದರ ಸೂಚಕಗಳಲ್ಲಿ ಒಂದು. ನಮ್ಮ ದೇಶದ ಅಂತರ್ಜಲ ಮೌಲ್ಯಮಾಪನವೂ ಇದೇ ಬಗೆಯ ಅನುಪಾತವನ್ನು ಬಳಸುತ್ತದೆ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಬಳಕೆ ಶೇ 70ರೊಳಗಿದ್ದರೆ ಆ ಪ್ರದೇಶ ಸುರಕ್ಷಿತ, 90ರವರೆಗೆ ಅರೆ ಗಂಭೀರ, 100ರವರೆಗೆ ಗಂಭೀರ, ಅದನ್ನು ಮೀರಿದರೆ ಅತಿಬಳಕೆಯದ್ದು. ಕೋಲಾರದ ತಾಲ್ಲೂಕುಗಳು ಬಹುಕಾಲದಿಂದ ಈ ಕೊನೆಯ ವರ್ಗದಲ್ಲಿವೆ.

ಆದರೆ ರೈತರ ಕೊಳವೆಬಾವಿಗಳಿಗೆ ಮೀಟರ್ ಇಲ್ಲದಿರುವಾಗ ಬಳಕೆಯ ಅಂಕಿ ಬರುವುದಾದರೂ ಎಲ್ಲಿಂದ? ಬಾವಿಗಳ ಸಂಖ್ಯೆಯನ್ನು, ಒಂದು ಬಾವಿ ಹಂಗಾಮಿನಲ್ಲಿ ಎಷ್ಟು ನೀರೆತ್ತಬಹುದೆಂಬ ಅಂದಾಜಿನಿಂದ ಗುಣಿಸುವುದು ಒಂದು ಪ್ರಮುಖ ವಿಧಾನ. ಅಂದಾಜು ತಪ್ಪಿದರೆ ತಾಲ್ಲೂಕಿನ ವರ್ಗವೇ ಬದಲಾಗಬಹುದು. ಇಲ್ಲಿ ನೆರವಾಗಬಲ್ಲದ್ದು ಜಲಸಂಪನ್ಮೂಲಕ್ಕೆ ಸಂಬಂಧವೇ ಇಲ್ಲದಂತೆ ತೋರುವ ವಿದ್ಯುತ್ತಿನ ಲೆಕ್ಕ. ಸಾವಿರ ಅಡಿ ಆಳದಿಂದ ನೀರೆತ್ತುವ ಪಂಪು ಶೇ 40ರಷ್ಟು ದಕ್ಷತೆಯಿಂದ ಕೆಲಸ ಮಾಡಿದರೆ, ಒಂದು ಯೂನಿಟ್ ವಿದ್ಯುತ್ತಿಗೆ 500 ಲೀಟರಿಗೂ ತುಸು ಕಡಿಮೆ ನೀರು ಬರುತ್ತದೆ. ಇದು ಶುದ್ಧ ಭೌತವಿಜ್ಞಾನದ ಲೆಕ್ಕ. ಪಂಪ್‌ಸೆಟ್‌ಗಳಿಗೆ ಪ್ರತ್ಯೇಕ ಫೀಡರ್ (ಉಪಕೇಂದ್ರದಿಂದ ಹೊರಡುವ ವಿದ್ಯುತ್ ಮಾರ್ಗ) ಇರುವ ಕಡೆಗಳಲ್ಲಿ, ಆ ಫೀಡರಿನಲ್ಲಿ ತಿಂಗಳಿಗೆ ಹರಿದ ಯೂನಿಟ್‌ಗಳನ್ನು ಪ್ರಕಟಿಸಿದರೆ ಹತ್ತಾರು ಊರುಗಳ ನೀರಿನ ಬಳಕೆಯನ್ನು ಈಗಿನದಕ್ಕಿಂತ ನಂಬಲರ್ಹವಾಗಿ ಅಂದಾಜು ಮಾಡಬಹುದು. ಮಾಹಿತಿ ಫೀಡರಿನ ಮಟ್ಟದಲ್ಲಿಯೇ ಇರಬೇಕು, ರೈತನ ಹೆಸರಿಗೆ ಇಳಿಯಬಾರದು. 10 ಅಶ್ವಶಕ್ತಿವರೆಗಿನ ಪಂಪಿಗೆ ಉಚಿತ ವಿದ್ಯುತ್ ಪಡೆಯುತ್ತಿರುವವರಿಗೆ ಮೀಟರ್ ಎಂಬ ಮಾತೇ ಮುಂದೆ ಬರಲಿರುವ ಬಿಲ್ಲಿನ ಮುನ್ಸೂಚನೆಯಂತೆ ಕೇಳಿಸುತ್ತದೆ, ಆ ಅಳುಕನ್ನು ಅವಿವೇಕವೆಂದು ತಳ್ಳಿಹಾಕುವಂತಿಲ್ಲ.

ನೀರಿನ ಮಟ್ಟದ ಅಂಕಿಗೂ ಹಿನ್ನೆಲೆ ಬೇಕು. ಈ ಭಾಗದ್ದು ಗ್ರಾನೈಟ್ ಮತ್ತು ನೈಸ್ ಶಿಲೆಗಳ ನೆಲ. ಮೇಲಿನ ಶಿಥಿಲಗೊಂಡ ಪದರದಲ್ಲಿ ಒಂದಿಷ್ಟು ನೀರು, ಅದರ ಕೆಳಗೆ ಬಿರುಕುಗಳಲ್ಲಿ ಮತ್ತೊಂದಿಷ್ಟು. ವೀಕ್ಷಣಾ ಬಾವಿ ತೆರೆದ ಬಾವಿಯಾಗಿದ್ದರೆ ಅದು ಮೇಲಿನ ಪದರದ ಸ್ಥಿತಿಯನ್ನು ಮಾತ್ರ ಹೇಳುತ್ತದೆ, ಟೊಮೆಟೊ ಮತ್ತು ಹಿಪ್ಪುನೇರಳೆಗೆ ನೀರು ಬರುತ್ತಿರುವುದೋ ಕೆಳಗಿನ ಬಿರುಕುಗಳಿಂದ. ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಫಲವನ್ನು ಅಳೆಯುವಾಗ ಯಾವ ಬಾವಿ, ಎಷ್ಟು ಆಳ, ಕೆರೆಯಿಂದ ಎಷ್ಟು ದೂರ ಎಂಬ ವಿವರಗಳಿಲ್ಲದೆ ಮಟ್ಟ ಏರಿತು ಎಂದಷ್ಟೇ ಹೇಳಿದರೆ ಪರವಾದಿಗಳಿಗೂ ವಿರೋಧಿಗಳಿಗೂ ಅದರಿಂದ ಉಪಯೋಗವಿಲ್ಲ. ನೀರಿನ ಗುಣಮಟ್ಟದ ಪರೀಕ್ಷೆಯ ಅಂಕಿಗಳಿಗೂ ಇದು ಅನ್ವಯಿಸುತ್ತದೆ.

ನನ್ನ ಸಮಯವನ್ನು ಹೆಚ್ಚು ನುಂಗುವುದು ಮಾತ್ರ ಇದಾವುದೂ ಅಲ್ಲ, ಹೆಸರುಗಳ ಜೋಡಣೆ. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು, ಆದ್ದರಿಂದ ಹಳೆಯ ಕೋಲಾರದ ಅಂಕಿಯನ್ನು ಇಂದಿನ ಕೋಲಾರದೊಂದಿಗೆ ಹೋಲಿಸಿದರೆ ಎರಡು ಬೇರೆ ಭೂಭಾಗಗಳನ್ನು ಹೋಲಿಸಿದಂತೆ. ಒಂದೇ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಇಲಾಖೆ ಒಂದು ಬಗೆಯಾಗಿಯೂ ಇನ್ನೊಂದು ಬೇರೆ ಬಗೆಯಾಗಿಯೂ ಬರೆಯುತ್ತದೆ. ಕನ್ನಡದಲ್ಲಿರುವ ಹಳೆಯ ಪಟ್ಟಿಗಳು ಎಲ್ಲ ಗಣಕಗಳೂ ಓದಬಲ್ಲ ಯೂನಿಕೋಡ್‌ನಲ್ಲಿರದೆ 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದ್ದು, ಬೇರೆ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಗ್ರಾಮಕ್ಕೂ ಪಂಚಾಯಿತಿಗೂ ಕೊಟ್ಟಿರುವ ಸಂಕೇತ ಸಂಖ್ಯೆಯನ್ನು ಎಲ್ಲ ಇಲಾಖೆಗಳೂ ತಮ್ಮ ಕೋಷ್ಟಕದ ಮೊದಲ ಅಂಕಣದಲ್ಲಿ ಬರೆದುಬಿಟ್ಟರೆ ನಮ್ಮ ಕೆಲಸದ ಅರ್ಧ ಭಾರ ಇಳಿಯುತ್ತದೆ, ಅದಕ್ಕೆ ಹೊಸ ತಂತ್ರಾಂಶವೇನೂ ಬೇಕಿಲ್ಲ.

ಆ ಗ್ರಾಮಸಭೆಯ ನಂತರ ನಮ್ಮ ಕೋಷ್ಟಕದಲ್ಲಿ ಯಾವ ಚೌಕವನ್ನೂ ಖಾಲಿ ಬಿಡುವುದಿಲ್ಲ. ಬಾವಿ ಬತ್ತಿದ್ದರೆ "ಬತ್ತಿದೆ, ಬಾವಿಯ ಆಳ 35 ಮೀಟರ್" ಎಂಬಂತೆ ಬರೆಯುತ್ತೇವೆ. ಅಳೆಯುವವರು ಹೋಗಿಲ್ಲದಿದ್ದರೆ "ಅಳೆದಿಲ್ಲ" ಎಂದು. ಸರಾಸರಿಯ ಬದಲಿಗೆ ಎಷ್ಟು ಬಾವಿಗಳಲ್ಲಿ ನೀರು ಇಳಿದಿದೆ, ಎಷ್ಟರಲ್ಲಿ ಏರಿದೆ, ಎಷ್ಟು ಬತ್ತಿವೆ ಎಂಬ ಮೂರು ಸಂಖ್ಯೆಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸುತ್ತೇವೆ. ಬೇಸಿಗೆ ಬೆಳೆ ಇಡಬೇಕೇ ಬೇಡವೇ ಎಂಬ ಚರ್ಚೆ ಆ ಗೋಡೆಯ ಮುಂದೆ ನಡೆಯುವಾಗ ಜನ ಮೊದಲು ನೋಡುವುದು ಮೂರನೆಯ ಸಂಖ್ಯೆಯನ್ನು.